ಚಾಸಿ ಮೇಲೆ ಬಿಳಿಗೆರೆ ಗಂಗಣ್ಣ

“ಮೇಡಂ, ಈ ಗಾಡಿಯ ಕತ್ತಿನ ಮೇಲೆ ಯಾರೋ ಏನೋ ಬರೆದಿದ್ದಾರಲ್ಲ, ಏನಿದು?”

ಆರ್‌ಟಿಒ ಕಚೇರಿಯ ಅಂಗಳದಲ್ಲಿ, ಬೇವಿನ ಮರದ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಿಡಿದುಕೊಂಡು ಇನ್‌ಸ್ಪೆಕ್ಟರು ಹೀಗೆ ಕೇಳಿದಾಗ ನಾನೂ ಬಗ್ಗಿ ನೋಡಿದೆ. ಬೈಕಿನ ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದರೆ ಬಲಪಕ್ಕದ ಕಬ್ಬಿಣದ ಮೇಲೆ ಚಾಸಿ ನಂಬರ್ ಕಾಣುತ್ತದೆ. ಕಂಪನಿಯವರು ಹೊಡೆದಿರುವ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸಾಲು. ಆ ಸಾಲಿನ ನಟ್ಟನಡುವೆ, ಅಂಕಿಗಳ ಮೇಲೆಯೇ ಹತ್ತಿ ಕೂತ ಹಾಗೆ, ಉಳಿಯಲ್ಲಿ ಕೊರೆದ ಅಚ್ಚಗನ್ನಡದ ಅಕ್ಷರಗಳಿದ್ದವು: ಬಿ. ಗಂ.

“ಕನ್ನಡ ಸರ್” ಅಂದೆ. (ಇನ್ನೇನು ಹೇಳಲಿ?)

“ಕನ್ನಡ ಅಂತ ನನಗೂ ಗೊತ್ತು ಮೇಡಂ. ಅದರ ಕೆಳಗೆ ಇರೋ ಅಂಕಿ ಮೂರೋ ಎಂಟೋ, ಅದು ಗೊತ್ತಾಗ್ತಿಲ್ಲ. ಕದ್ದ ಗಾಡಿಯವರು ಮಾಡೋ ಮೊದಲ ಕೆಲಸ ಏನು ಹೇಳಿ? ನಂಬರ್ ಕೆಡಿಸೋದು.”

ಕದ್ದ ಗಾಡಿ! ನಾನು ಸುತ್ತ ನೋಡಿದೆ. ಲೈಸೆನ್ಸಿಗೆ ಬಂದಿದ್ದ ಕಾಲೇಜು ಹುಡುಗಿಯರು ನನ್ನ ಕಡೆಯೇ ನೋಡುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು, ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಆದಷ್ಟೂ ಮರ್ಯಾದಸ್ಥೆಯಂತೆ ನಿಂತೆ.

ಇರಲಿ, ಮೊದಲಿನಿಂದ ಹೇಳುತ್ತೇನೆ.

ನಿಮ್ಮಲ್ಲಿ ಹಲವರಿಗೆ ಗೊತ್ತು, ನಾನು ಅಂಗನವಾಡಿ ಮೇಲ್ವಿಚಾರಕಿ. ಮನೆ ತಿಪಟೂರಿನಲ್ಲಿ, ತಿರುಗಾಟ ತುರುವೇಕೆರೆ ಕಡೆಯ ಹಳ್ಳಿಗಳಲ್ಲಿ. ಬಸ್ಸು ಮೇನ್ ರೋಡಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ತೆಂಗಿನ ತೋಟಗಳ ನಡುವಿನ ಗಾಡಿ ಜಾಡಿನಲ್ಲಿ ನಡೆಯಬೇಕು. ಮನೆಯಲ್ಲೊಂದು ಸ್ಕೂಟರ್ ಇದೆ, ನಿಜ. ಆದರೆ ಅದರ ಪುಟ್ಟ ಚಕ್ರ ಆ ಜಾಡಿಗೆ ಇಳಿದರೆ ಎದ್ದು ಬರುವುದಿಲ್ಲ. ಮೇಲಾಗಿ ಅದು ನಮ್ಮ ಮನೆಯವರದು. ಅವರಿಗೆ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಯಿದೆ. ಬೆಳಗ್ಗೆ ಸ್ಕೂಟರಿನ ಮುಂದೆ ಸುಟ್ಟ ಮೋಟಾರ್ ಇಟ್ಟುಕೊಂಡು ಹೋದರೆ ಸ್ಕೂಟರೂ ಅವರೂ ಮನೆ ಸೇರುವುದು ಸಂಜೆ ದೀಪ ಹಚ್ಚಿದ ಮೇಲೆಯೇ.

ಗೇರಿನ ಬೈಕು ಓಡಿಸುವುದು ನನಗೆ ಹೊಸದಲ್ಲ. ತವರು ಚಿಕ್ಕನಾಯಕನಹಳ್ಳಿ ಹತ್ತಿರ. ಅಪ್ಪ ತೋಟಕ್ಕೆ ಹೋಗುವ ಬೈಕಿನಲ್ಲೇ ಕಲಿಸಿದ್ದರು. ಲೈಸೆನ್ಸೂ ಇದೆ. ಇಲ್ಲದಿದ್ದದ್ದು ಬೈಕು ಮಾತ್ರ.

ಇನ್ನೊಂದು ಒಳಗಿನ ಆಸೆಯನ್ನೂ ಹೇಳಿಬಿಡುತ್ತೇನೆ, ನಗಬೇಡಿ. ಒಂದು ದಿನ ಅಡುಗೆಮನೆಯಲ್ಲಿ ನಿಂತು ಯೋಚಿಸುತ್ತಿದ್ದೆ. ಮನೆ ಮಾವನವರ ಹೆಸರಿನಲ್ಲಿ. ಗ್ಯಾಸು ಅತ್ತೆಯ ಹೆಸರಿನಲ್ಲಿ. ಸ್ಕೂಟರು, ಕರೆಂಟ್ ಮೀಟರು, ಅಂಗಡಿ ಎಲ್ಲ ಗಂಡನ ಹೆಸರಿನಲ್ಲಿ. ಹೋಗಲಿ, ದಿನಾ ತಿಕ್ಕುವ ಪಾತ್ರೆಗಳಾದರೂ? ಅವುಗಳ ಮೇಲೆ ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರುಗಳಿವೆ. ನಾನು ಮುಖವನ್ನೇ ಮರೆತಿರುವ ಯಾರೋ ನೆಂಟರ ಹೆಸರಿನ ತಟ್ಟೆಯಲ್ಲಿ ಇಷ್ಟು ವರ್ಷದಿಂದ ಊಟ ಮಾಡುತ್ತಿದ್ದೇನೆ. ನನ್ನ ಹೆಸರಿರುವುದು ಸಂಬಳದ ಪಾಸ್‌ಬುಕ್ಕಿನಲ್ಲಿ. ಅದನ್ನು ಹತ್ತಿ ಓಡಿಸೋಕಾಗುತ್ತಾ?

ಹಾಗಾಗಿ ಒಂದೇ ಒಂದು ವಸ್ತು, ಚಕ್ರ ಇರುವುದು, ಪೂರಾ ನನ್ನ ಹೆಸರಿನಲ್ಲಿ ಇರಬೇಕು ಅಂತ ಹಟ ಹುಟ್ಟಿತು. ಹೊಸದಕ್ಕೆ ಕೈ ಚಾಚುವಷ್ಟು ಶಕ್ತಿ ಇರಲಿಲ್ಲ. ಹಳೆಯದಾದರೂ ಪರವಾಗಿಲ್ಲ, ಆರ್‌ಸಿ ಮೇಲೆ ನನ್ನ ಹೆಸರಿದ್ದರೆ ಸಾಕು ಅಂತ ಹುಡುಕಲು ಶುರುಮಾಡಿದೆ.

ಸಿಕ್ಕಿದ್ದು ಬಿಳಿಗೆರೆ ಗಂಗಣ್ಣನವರ ಬೈಕು.

ಗಂಗಣ್ಣನವರಿಗೆ ಎಪ್ಪತ್ತು ದಾಟಿದೆ. ಮಂಡಿ ನೋವು, ಕಿಕ್ಕರ್ ಹೊಡೆಯಲು ಆಗುವುದಿಲ್ಲ. ಮಗನಿಗೆ ಬೇರೆ ಗಾಡಿ ಇದೆ. ನಾವು ಹೋದಾಗ ಬೈಕನ್ನು ಅಂಗಳದಲ್ಲಿ ನಿಲ್ಲಿಸಿ, ಎತ್ತಿನ ಮೈ ತೊಳೆದ ಹಾಗೆ ತೊಳೆದು, ಹಳೇ ಪಂಚೆಯಲ್ಲಿ ಒರೆಸುತ್ತಿದ್ದರು.

“ನಾನೊಬ್ನೇ ಓಡ್ಸಿರೋದು ಕಣ್ರವ್ವ. ಇನ್ನೊಬ್ರ ಕೈಗೆ ಕೊಟ್ಟಿಲ್ಲ. ಮಗ ಕೇಳುದ್ರೂ ಕೊಟ್ಟಿಲ್ಲ” ಅಂದರು.

ಒಳಗಿನಿಂದ ಅವರ ಹೆಂಡತಿ ಪುಟ್ಟಮ್ಮನವರ ದನಿ ಬಂತು. “ನನ್ನಾದ್ರೂ ಕೂರುಸ್ಕಂಡ್ ಹೋಗಿದ್ದು ಎಷ್ಟ್ ಸಲ ಕೇಳವ್ವ ಅವ್ರುನ್ನ!”

ಈಗ ಪರೀಕ್ಷೆಯ ಘಟ್ಟ. ನಮ್ಮ ಮನೆಯವರು ಮೋಟಾರ್ ತಜ್ಞರಲ್ಲವೇ? ಹಾಗಾಗಿ ಪರೀಕ್ಷೆಯ ಹೊಣೆ ಅವರದಾಯಿತು. ಅವರು ಏನು ಮಾಡಿದರು ಗೊತ್ತೇ? ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ವಾರೆ ಮಾಡಿ, ಕಿವಿ ಕೊಟ್ಟು, ಬೈಕನ್ನು ಗಡಗಡ ಅಲ್ಲಾಡಿಸಿದರು. ನಮ್ಮ ಕಡೆಯವರು ಏನೇ ಕೊಳ್ಳಲಿ, ಮೊದಲು ಅಲ್ಲಾಡಿಸಿ ನೋಡಬೇಕು. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಅಂತ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ನಮಗೆ ಅದೊಂದೇ ಪರೀಕ್ಷೆ ಗೊತ್ತಿರುವುದು. ಕೊಬ್ಬರಿಯಾದರೆ ಗಳಗಳ ಅನ್ನಬೇಕು, ಬೈಕಾದರೆ ಅನ್ನಬಾರದು. ವ್ಯತ್ಯಾಸ ಅಷ್ಟೇ.

ಬೈಕು ಗಳಗಳ ಅನ್ನಲಿಲ್ಲ. “ಗಟ್ಟಿಯಾಗಿದೆ ಬಿಡು” ಅಂತ ನಮ್ಮ ಮನೆಯವರು ತೀರ್ಪು ಕೊಟ್ಟರು. ಪುಟ್ಟಮ್ಮ ಹೊರಗೆ ಬಂದು ಎಲೆ ಅಡಿಕೆ, ಒಂದು ಕಾಯಿ ಇಟ್ಟು ಬೈಕನ್ನು ಒಪ್ಪಿಸಿದರು. ಗಂಗಣ್ಣನವರು ಫಾರಂಗಳಿಗೆ ಸಹಿ ಹಾಕಿದರು. ಇಷ್ಟೆಲ್ಲದರ ನಡುವೆ ಹ್ಯಾಂಡಲ್ ತಿರುಗಿಸಿ ಚಾಸಿ ನಂಬರ್ ನೋಡೋಣ ಅಂತ ಒಂದು ನರಪಿಳ್ಳೆಗೂ ಹೊಳೆಯಲಿಲ್ಲ.

ಹೊಳೆದಿದ್ದು ಕಾಗದಪತ್ರ ಮಾಡಿಸಿಕೊಡಲು ನಾವು ಹಿಡಿದಿದ್ದ ಏಜೆಂಟನಿಗೆ. ವರ್ಗಾವಣೆ ಅರ್ಜಿಗೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಅಂದರೆ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು. ನಾವು ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜುತ್ತಿದ್ದೆವಲ್ಲ, ಅದೇ ವಿದ್ಯೆ. ಏಜೆಂಟ್ ಉಜ್ಜಿದ. ಕಾಗದ ಎತ್ತಿ ನೋಡಿದ. ಮತ್ತೊಂದು ಕಾಗದ ಇಟ್ಟು ಉಜ್ಜಿದ. ಆಮೇಲೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, “ಮೇಡಂ, ಇದು ನನ್ ಕೈಲಾಗಲ್ಲ. ನೀವೇ ಗಾಡಿ ತಗೊಂಡೋಗಿ ಸಾಹೇಬ್ರಿಗೆ ತೋರ್ಸಿಬಿಡಿ” ಅಂದ.

ಹಾಗೆ ನಾನು ಬೇವಿನ ಮರದ ಕೆಳಗೆ ಬಂದು ನಿಂತಿದ್ದು.

ಅಲ್ಲಿಂದಲೇ ಗಂಗಣ್ಣನವರಿಗೆ ಫೋನ್ ಮಾಡಿದೆ. ಇನ್‌ಸ್ಪೆಕ್ಟರು ಸ್ಪೀಕರಿಗೆ ಹಾಕಿ ಅಂದರು, ಹಾಕಿದೆ.

“ಗಂಗಣ್ಣ, ಗಾಡಿ ಹ್ಯಾಂಡಲ್ ಹತ್ರ ಬಿ. ಗಂ. ಅಂತ ಇದೆಯಲ್ಲ, ಏನದು?”

“ನಾನೇ ಕಣ್ರವ್ವ! ಬಿಳಿಗೆರೆ ಗಂಗಣ್ಣ!” ದನಿಯಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು.

“ಅಲ್ಲಿ ಯಾಕೆ ಹೆಸರು ಹೊಡೆಸಿದ್ರಿ?”

“ಅಯ್ಯೋ, ಕಳುವಾದ್ರೆ ಗುರ್ತು ಸಿಗ್ಲಿ ಅಂತ!”

ಇನ್‌ಸ್ಪೆಕ್ಟರು ಹಣೆ ಒತ್ತಿಕೊಂಡರು.

ಆದದ್ದಿಷ್ಟು. ಪಾತ್ರೆಗಳಿಗೆ ಹೆಸರು ಹಾಕಲು ಮೊದಲಿಂದಲೂ ಊರಿಗೆ ಬರುತ್ತಿದ್ದವನು ಗಂಗಣ್ಣನವರು ಬೈಕು ತಂದ ವರ್ಷವೂ ಬಂದಿದ್ದಾನೆ. ಪುಟ್ಟಮ್ಮನವರ ಹೊಸ ತಪ್ಪಲೆಗಳಿಗೆಲ್ಲ ಹೆಸರು ಹೊಡೆದಾದ ಮೇಲೆ ಗಂಗಣ್ಣನವರು ಬೈಕನ್ನೂ ಅವನ ಮುಂದೆ ನಿಲ್ಲಿಸಿದ್ದಾರೆ. ಎಲ್ಲಿ ಹೊಡೆಯಲಿ ಅಂತ ಅವನು ಕೇಳಿದ್ದಾನೆ. ಟ್ಯಾಂಕಿನ ಮೇಲೆ ಹೊಡೆದರೆ ಬಣ್ಣ ಹೋಗುತ್ತದೆ. ಹುಡುಕಿ ಹುಡುಕಿ ಹ್ಯಾಂಡಲ್ ತಿರುಗಿಸಿದಾಗ ಈ ಜಾಗ ಕಂಡಿದೆ.

“ಅಲ್ಲಿ ಆಗ್ಲೇ ಏನೋ ಅಕ್ಸರ ಇದ್ವು ಕಣ್ರವ್ವ. ಅಕ್ಸರ ಇರೋ ಜಾಗ ಅಂದ್ಮೇಲೆ ಅಕ್ಸರ ಹೊಡಿಯೋಕೆ ಅಂತ್ಲೇ ಕಂಪ್ನಿಯೋರು ಬುಟ್ಟಿರ್ತಾರೆ ತಾನೆ?”

ಈ ವಾದಕ್ಕೆ ನಿಮ್ಮ ಹತ್ತಿರ ಉತ್ತರವಿದೆಯೇ?

ನಮ್ಮ ಕಡೆಯ ಬದುಕು ಗೊತ್ತಿಲ್ಲದವರಿಗೆ ಇದು ಹುಚ್ಚಾಟ ಅನ್ನಿಸಬಹುದು. ತೋಟದ ಕೆಲಸದಲ್ಲಿ ಯಾವ ವಸ್ತು ಒಂದೇ ಮನೆಯಲ್ಲಿ ಇರುತ್ತದೆ ಹೇಳಿ? ಕಾಯಿ ಸುಲಿಯುವ ಹಾರೆ, ಮಚ್ಚು, ಗುದ್ದಲಿ, ಪಿಕಾಸಿ ಎಲ್ಲ ಮುಯ್ಯಾಳುಗಳ ಜೊತೆ ಊರೆಲ್ಲ ಸುತ್ತುತ್ತವೆ. ನಾಳೆ ನೀನು ನಮ್ಮ ತೋಟಕ್ಕೆ ಬಾ, ನಾಳಿದ್ದು ನಾನು ನಿಮ್ಮ ತೋಟಕ್ಕೆ ಬರುತ್ತೇನೆ ಅಂತ ಹೋದವರ ಹಾರೆ ಬದಲಾಗುತ್ತದೆ. ದೇವರ ಕಾರ್ಯ, ಬೀಗರ ಊಟ ಅಂತ ಕೊಳಗ, ಹಂಡೆ, ಪರಾತಗಳು ಬೀದಿ ದಾಟುತ್ತವೆ. ವಾಪಸು ಬರುವಾಗ ಅವು ನಮ್ಮವೇ ಅಂತ ಗೊತ್ತಾಗುವುದು ಹೇಗೆ? ಅದಕ್ಕೇ ಎಲ್ಲದರ ಮೇಲೂ ಎರಡಕ್ಷರ. ಗುರುತಿಲ್ಲದ ಹಾರೆ ಊರಿಗೆಲ್ಲ ಸೇರಿದ್ದು. ಗಂಗಣ್ಣನವರ ಪಾಲಿಗೆ ಬೈಕೂ ಒಂದು ಹಾರೆಯೇ. ಸ್ವಲ್ಪ ದುಬಾರಿ ಹಾರೆ, ಅಷ್ಟೇ.

ಆದರೆ ಇನ್‌ಸ್ಪೆಕ್ಟರರ ಕಷ್ಟವೂ ಕಷ್ಟವೇ. ಪಾಪ, ಒಳ್ಳೆಯ ಮನುಷ್ಯ, ಎಲ್ಲೂ ಸಿಡುಕಲಿಲ್ಲ. “ನೋಡಿ ಮೇಡಂ, ಎಂಜಿನ್ ನಂಬರ್ ಸರಿ ಇದೆ. ನಿಮ್ಮನ್ನ ನೋಡಿದ್ರೂ ಕಳ್ಳರ ಥರ ಕಾಣಲ್ಲ. ಆದ್ರೆ ಚಾಸಿ ನಂಬರ್ ಮೇಲೆ ಉಳಿ ಬಿದ್ದಿದೆ. ನಾನು ಹೀಗೇ ಪಾಸ್ ಮಾಡೋಕಾಗಲ್ಲ. ಹೊಡೆಸಿದವರು ಬಂದು ಹೇಳಿಕೆ ಕೊಡ್ಲಿ. ಅದು ಅವರದೇ ಗುರುತು ಅಂತ ನನಗೆ ನಂಬಿಕೆ ಬರೋ ಹಾಗೆ ಏನಾದ್ರೂ ತೋರಿಸ್ಲಿ. ಇಲ್ದಿದ್ರೆ ಗಾಡಿ ಇಲ್ಲೇ ನಿಲ್ಲಿಸಿಕೊಂಡು ನಾನು ಪೊಲೀಸರಿಗೆ ಬರೀಬೇಕಾಗುತ್ತೆ.”

ಸ್ಪೀಕರಿನಲ್ಲಿದ್ದ ಗಂಗಣ್ಣನವರಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಫೋನ್ ಕಟ್ಟಾಯಿತು.

ಮರುದಿನ ಬೆಳಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಪುಟ್ಟಮ್ಮನವರ ಫೋನ್ ಬಂತು. “ಅವ್ವ, ಅವ್ರು ನೆನ್ನೆಯಿಂದ ಉಂಡಿಲ್ಲ ಕಣವ್ವ. ಟೀ ಅಂಗ್ಡೀಲಿ ಯಾರೋ, ಏನ್ ಗಂಗಣ್ಣ ಕಳ್ ಗಾಡಿ ಮಾರುದ್ಯಂತೆ ಅಂತ ತಮಾಸೆಗೆ ಅಂದವ್ರೆ. ಜಗ್ಲಿ ಮ್ಯಾಲೆ ಕುಂತ್ರೆ ಏಳ್ತಿಲ್ಲ.”

ಆಮೇಲೆ ಫೋನ್ ಗಂಗಣ್ಣನವರ ಕೈಗೆ ಹೋಯಿತು. ಹಿಂದಿನ ದಿನದ ಹೆಮ್ಮೆಯ ದನಿ ಎಲ್ಲೋ ಇಂಗಿಹೋಗಿತ್ತು. “ಇನ್ನೊಬ್ರ ತೋಟದಲ್ಲಿ ಬಿದ್ದಿರೋ ಗರಿ ಎತ್ಕಂಡೋನಲ್ಲ ಕಣ್ರವ್ವ ನಾನು. ಈ ವಯಸ್ನಲ್ಲಿ ಪೋಲೀಸ್ನೋರ ಮುಂದೆ ಯಾಕ್ ನಿಂತ್ಕಳ್ಳಿ? ಗಾಡಿ ವಾಪಸ್ ತಂದ್ಬುಡಿ. ನಿಮ್ ದುಡ್ಡು ಇಟ್ಟಂಗೇ ಐತೆ. ಗಾಡೀನ ದನದ ಕೊಟ್ಗೇಲಿ ನಿಲ್ಲುಸ್ತೀನಿ, ತುಕ್ಕು ಹಿಡೀಲಿ.”

ಆ ಮನುಷ್ಯ ಜೀವಮಾನದಲ್ಲಿ ಮಾಡಿದ ಒಂದೇ ಒಂದು ಮುಂಜಾಗ್ರತೆ ಈಗ ಅವರನ್ನೇ ಕಳ್ಳರ ಸಾಲಿಗೆ ತಂದು ನಿಲ್ಲಿಸಿತ್ತು. ನನಗೆ ಕೋಪ ಬಂತು. ಯಾರ ಮೇಲೆ ಅಂತ ಗೊತ್ತಾಗದ ಕೋಪ. ರೊಟ್ಟಿ ಸೀದು ಹೋಯಿತು.

“ವಾಪಸ್ ಕೊಟ್ಬಿಡು, ರಗಳೆ ಯಾಕೆ? ಬೇರೆ ಗಾಡಿ ನೋಡೋಣ. ಇಲ್ಲ ಅಂದ್ರೆ ನನ್ ಸ್ಕೂಟರೇ ಇದೆಯಲ್ಲ” ಅಂದರು ನಮ್ಮ ಮನೆಯವರು, ಸೀದ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ.

ನನ್ ಸ್ಕೂಟರು! ಆ ಎರಡು ಪದ ಕೇಳಿದ ಮೇಲೆ ವಾಪಸು ಕೊಡುವ ಪ್ರಶ್ನೆಯೇ ಇರಲಿಲ್ಲ. ಗಾಡಿ ವಾಪಸು ಹೋದರೆ ನನ್ನ ಹೆಸರೂ ಬರುವುದಿಲ್ಲ, ಗಂಗಣ್ಣನವರ ಹೆಸರಿಗೆ ಅಂಟಿದ ಮಸಿಯೂ ಹೋಗುವುದಿಲ್ಲ. ವಾಪಸು ಕೊಟ್ಟರೆ ಊರಿನವರು ಏನೆನ್ನುತ್ತಾರೆ? ಕಳ್ ಗಾಡಿ ಆಗಿದ್ದಕ್ಕೇ ವಾಪಸ್ ಬಂತು ಅನ್ನುತ್ತಾರೆ. ಇದನ್ನೇ ಗಂಗಣ್ಣನವರಿಗೆ ಬಿಡಿಸಿ ಹೇಳಿದೆ.

“ಸರಿ, ಬತ್ತೀನಿ. ಏನ್ ತೋರುಸ್ಬೇಕು?”

“ನಿಮ್ಮ ಗುರುತು ಇರೋದು ಏನಾದ್ರೂ ತನ್ನಿ ಗಂಗಣ್ಣ. ಒಂದು ಹಾರೆಯೋ ಚೊಂಬೋ, ಸಾಕು.”

ನಾನು ಹೇಳಿದ್ದು ಒಂದು ಹಾರೆ, ಒಂದು ಚೊಂಬು. ದೇವರಾಣೆ ಅಷ್ಟೇ ಹೇಳಿದ್ದು.

ಸೋಮವಾರ ನಾನು ಬೈಕನ್ನು ಮತ್ತೆ ಅದೇ ಮರದ ಕೆಳಗೆ ತಂದು ನಿಲ್ಲಿಸಿದೆ. ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಒಂದು ಲಗೇಜ್ ಆಟೋ ಒಳಗೆ ಬಂತು. ಮುಂದೆ ಡ್ರೈವರ್ ಪಕ್ಕ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಹೊಸ ಟವೆಲ್ ಹಾಕಿದ ಗಂಗಣ್ಣನವರು. ಹಿಂದೆ, ಸಾಮಾನಿನ ಮಧ್ಯೆ, ರೇಷ್ಮೆ ಸೀರೆಯುಟ್ಟ ಪುಟ್ಟಮ್ಮನವರು ಹಿತ್ತಾಳೆ ಹಂಡೆಯನ್ನು ತಬ್ಬಿಕೊಂಡು ಕೂತಿದ್ದರು. ಹೊಸದಾಗಿ ಮನೆ ಮಾಡುವವರು ಸಾಮಾನು ಸಾಗಿಸುವ ಹಾಗಿತ್ತು.

ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಇಳಿಸಿದರು. ಹಾರೆಗಳು ಬಂದವು, ಮಚ್ಚುಗಳು ಬಂದವು, ಗುದ್ದಲಿ, ಪಿಕಾಸಿ, ಕುಡುಗೋಲು ಬಂದವು. ಕೊಳಗ, ಬಿಂದಿಗೆ, ತಪ್ಪಲೆ, ಹಾಲಿನ ಕ್ಯಾನು, ಇಡ್ಲಿ ಪಾತ್ರೆ, ಹೆಸರು ಹೊಡೆಸಿದ ಕಾಲಕ್ಕೆ ಹೊಸದಾಗಿದ್ದ ಒಂದು ಟಾರ್ಚು. ಎಲ್ಲದರ ಮೇಲೂ ಬಿ. ಗಂ. ಲೈಸೆನ್ಸಿಗೆ ಬಂದವರು ಸಾಲು ಬಿಟ್ಟು ಬಂದು ಸುತ್ತ ನಿಂತರು. ಯಾರೋ ಒಬ್ಬರು ಹರಾಜು ಅಂದುಕೊಂಡು ಕೊಳಗದ ರೇಟು ಕೇಳಿಯೇಬಿಟ್ಟರು.

ಇನ್‌ಸ್ಪೆಕ್ಟರು ಹೊರಗೆ ಬಂದು, ಮಚ್ಚುಗಳ ರಾಶಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. (ಸರಿಯದೆ ಏನು ಮಾಡುತ್ತಾರೆ? ಸರ್ಕಾರಿ ಕಚೇರಿಗೆ ಅಷ್ಟು ಮಚ್ಚು ಹಿಡಿದುಕೊಂಡು ಬಂದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ.)

“ಇದೇನಜ್ಜ ಇದು?”

“ನನ್ ಗುರ್ತು ಸಾಮಿ. ನೋಡ್ಕಳಿ. ಒಂದೊಂದ್ನೂ ನೋಡ್ಕಳಿ. ನಾನು ಕಳ್ಳನಾದ್ರೆ ಈ ಇಡ್ಲಿ ಪಾತ್ರೇನೂ ಕಳುವಿಂದೇ ಅನ್ನಿ.”

ಗಂಗಣ್ಣನವರು ಇಡ್ಲಿ ಪಾತ್ರೆಯನ್ನು ಎತ್ತಿ ಸಾಹೇಬರ ಕೈಗೇ ಕೊಟ್ಟರು. ಸುತ್ತ ನಗುತ್ತಿದ್ದವರ ನಗು ಅಲ್ಲಿಗೇ ನಿಂತಿತು.

ಇನ್‌ಸ್ಪೆಕ್ಟರು ಪಾತ್ರೆಯನ್ನು ತಿರುಗಿಸಿ ನೋಡಿ ಕೆಳಗಿಟ್ಟು, ಬೈಕಿನ ಪಕ್ಕ ಕೂತು ಒಂದು ಹಾರೆ ಎತ್ತಿಕೊಂಡರು. ಟಾರ್ಚ್ ಬಿಟ್ಟು ಹಾರೆ ನೋಡಿದರು, ಬೈಕು ನೋಡಿದರು. ಬಿಂದಿಗೆ ನೋಡಿದರು, ಬೈಕು ನೋಡಿದರು. ಹೊಡೆದವನ ಕೈ ಒಂದೇ. ಗಕಾರದ ಪಕ್ಕದ ಸೊನ್ನೆಯನ್ನು ಆ ಪುಣ್ಯಾತ್ಮ ಎಲ್ಲ ಕಡೆಯೂ ಕೋಳಿಮೊಟ್ಟೆಯ ಹಾಗೆ ಉದ್ದಕ್ಕೆ ಎಳೆದಿದ್ದ. ಅದು ಹಾರೆಯ ಮೇಲೂ ಮೊಟ್ಟೆ, ಬಿಂದಿಗೆಯ ಮೇಲೂ ಮೊಟ್ಟೆ, ಚಾಸಿಯ ಮೇಲೂ ಮೊಟ್ಟೆ.

“ಈ ಬಿಂದಿಗೆ ಹಳೇದಲ್ವೇನಮ್ಮ? ನಿಮ್ಮ ತವರಿಂದ ಬಂದಿದ್ದಾ?” ಅಂತ ಅವರು ಪುಟ್ಟಮ್ಮನವರನ್ನು ಕೇಳಿದರು.

“ಹೂಂ ಸಾಮಿ, ನಮ್ಮಪ್ಪ ನಮ್ಮೂರು ಸಂಪಿಗೆಯಿಂದ ಹೊತ್ಕಂಬಂದು ಕೊಟ್ಟಿದ್ದು.”

“ಇದರ ಮೇಲೂ ಇವರ ಹೆಸರೇ ಇದೆ?”

“ಬಂದ್ ವರ್ಸಾನೇ ಹೊಡುಸುದ್ರು. ಮನೇಗೆ ಏನ್ ಬಂದ್ರೂ ಹೊಡ್ಸೋದೇಯ. ನನ್ ಹಣೆ ಮ್ಯಾಲೊಂದ್ ಹೊಡುಸ್ಲಿಲ್ಲ ನೋಡಿ, ತಾಳಿ ಕಟ್ಟವ್ರಲ್ಲ, ಅದೇ ಸಾಕು ಅಂತ.”

ಇಡೀ ಅಂಗಳ ಗೊಳ್ಳೆಂದಿತು. ಇನ್‌ಸ್ಪೆಕ್ಟರು ಮೊದಲ ಸಲ ಮನಬಿಚ್ಚಿ ನಕ್ಕರು. ಗಂಗಣ್ಣನವರು ಮಾತ್ರ ನಗಲಿಲ್ಲ. ಹೆಂಡತಿಯನ್ನು ಒಂದು ಸಲ, ಬಿಂದಿಗೆಯನ್ನು ಒಂದು ಸಲ ನೋಡಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಇಷ್ಟು ವರ್ಷದಲ್ಲಿ ಅವರಿಗೆ ಆ ಬಿಂದಿಗೆ ಯಾರದ್ದು ಅನ್ನುವ ಪ್ರಶ್ನೆ ಬಂದೇ ಇರಲಿಲ್ಲ ಅಂತ ಕಾಣುತ್ತದೆ.

ಆಮೇಲಿನದು ಕಚೇರಿಯ ಕೆಲಸ. ಥಿನ್ನರ್ ಹಾಕಿ ಉಜ್ಜಿದಾಗ ಉಳಿಯ ಗೀರಿನ ಕೆಳಗೆ ಮೂಲ ಅಂಕಿಗಳು ಮೆಲ್ಲಗೆ ಮುಖ ತೋರಿಸಿದವು. ಎಂಟು ಅಂದುಕೊಂಡದ್ದು ಮೂರೇ ಆಗಿತ್ತು. ಗಂಗಣ್ಣನವರು ಹೇಳಿಕೆ ಬರೆಸಿದರು. ಕೆಳಗೆ ಸಹಿ ಹಾಕಿ ಅಂದಾಗ ಪೆನ್ನು ಬಿಗಿಯಾಗಿ ಹಿಡಿದು, ನಾಲಿಗೆ ಕಚ್ಚಿ, ನಿಧಾನಕ್ಕೆ ಬರೆದರು: ಬಿ. ಗಂ. ಅವರ ಕೈಯಲ್ಲಿ ಆ ಸೊನ್ನೆ ಮಾತ್ರ ದುಂಡಗಿತ್ತು.

ಕಳುವಾದ ಗಾಡಿಗಳ ಪಟ್ಟಿಯಲ್ಲಿ ಇದು ಇಲ್ಲ ಅಂತ ಪೊಲೀಸರಿಂದ ಒಂದು ಕಾಗದ ಬರಬೇಕಿತ್ತು, ಅದೂ ಬಂತು. ಕೊನೆಗೆ, ಗೊಂದಲ ಬೇಡ, ಅದೇ ನಂಬರನ್ನು ಪಕ್ಕದಲ್ಲಿ ಇನ್ನೊಂದು ಸಲ ಸ್ಪಷ್ಟವಾಗಿ ಹೊಡೆಸಿಕೊಂಡು ಬನ್ನಿ ಅಂತ ಅನುಮತಿ ಸಿಕ್ಕಿತು.

ನಂಬರ್ ಹೊಡೆಸುವ ದಿನ ಹೋದದ್ದು ನಾನು ಮತ್ತು ನಮ್ಮ ಮನೆಯವರು, ಗಂಗಣ್ಣನವರನ್ನು ಯಾರೂ ಕರೆದಿರಲಿಲ್ಲ. ಆದರೂ ಬಂದರು. ಈಗ ಟೀ ಅಂಗಡಿಯಲ್ಲಿ ಅವರೇ ಹೀರೋ ಅಂತೆ. ಆರ್‌ಟಿಒ ಸಾಹೇಬ್ರು ನಮ್ಮ ಇಡ್ಲಿ ಪಾತ್ರೆ ಕೈಯಲ್ಲಿ ಹಿಡ್ಕಂಡು ನೋಡುದ್ರು ಅಂತ ದಿನಾ ಹೇಳುತ್ತಾರಂತೆ. ಅಚ್ಚು ಹೊಡೆಯುವವನು ಒಂದೊಂದೇ ಅಂಕಿಯನ್ನು ಇಟ್ಟು ಸುತ್ತಿಗೆಯಲ್ಲಿ ಟಕ್ ಟಕ್ ಅನ್ನಿಸುವುದನ್ನು ಅವರು ಮಂಡಿಯ ಮೇಲೆ ಕೈಯೂರಿ, ಬಗ್ಗಿ, ರೆಪ್ಪೆ ಮಿಟುಕಿಸದೆ ನೋಡಿದರು.

“ಎಷ್ಟ್ ದುಂಡುಗ್ ಹೊಡೀತೀಯಪ್ಪ! ನಮ್ಮೂರಿಗೆ ಬಂದಿದ್ದೋನು ಇಂಗ್ ಹೊಡೀಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ಮೇಡಮ್ಮೋರೆ, ಗಾಡಿ ಈಗ ನಿಮ್ದಾಯ್ತು. ಹೆಂಗೂ ಉಳಿ ಸುತ್ತಿಗೆ ಐತೆ. ಹಂಗೇ ನಿಮ್ ಹೆಸ್ರೂ ಎರಡಕ್ಸರ...”

“ಬ್ಯಾಡಾ!” ಅಂತ ನಾನು, ನಮ್ಮ ಮನೆಯವರು, ಅಚ್ಚು ಹೊಡೆಯುವವನು ಮೂವರೂ ಒಟ್ಟಿಗೆ ಕೂಗಿದೆವು. ಗಂಗಣ್ಣನವರಿಗೆ ಸ್ವಲ್ಪ ಬೇಜಾರಾಯಿತು. ಒಳ್ಳೆಯದು ಹೇಳಿದರೆ ಕೇಳುವವರಿಲ್ಲ ಅನ್ನುವ ಮುಖ ಮಾಡಿಕೊಂಡು ಬಸ್ಸು ಹಿಡಿಯಲು ಹೊರಟರು. ನಾನು ಬಿಡಲಿಲ್ಲ. ಅವರನ್ನು ಹಿಂದೆ ಕೂರಿಸಿಕೊಂಡು ಬಿಳಿಗೆರೆವರೆಗೆ ಓಡಿಸಿದೆ. ಆ ಗಾಡಿಯ ಹಿಂದಿನ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲಂತೆ. ದಾರಿಯುದ್ದಕ್ಕೂ, “ಗೇರ್ ಇಳ್ಸಿ... ಹಳ್ಳ ಬತ್ತೈತೆ... ಕ್ಲಚ್ ಬುಡಿ” ಅಂತ ನನ್ನ ಕಿವಿ ತಿಂದರು. ಊರೊಳಗೆ ಹೋಗುವಾಗ ಟೀ ಅಂಗಡಿ ಮುಂದೆ ನಿಧಾನಕ್ಕೆ ಓಡಿಸಿ ಅಂದರು. ಓಡಿಸಿದೆ. ಬೇಕಂತಲೇ ಹಾರನ್ನೂ ಹೊಡೆದೆ.

ಮೊನ್ನೆ ಪೋಸ್ಟಿನಲ್ಲಿ ಆರ್‌ಸಿ ಕಾರ್ಡ್ ಬಂತು. ಕೈ ತೊಳೆದು, ಒರೆಸಿಕೊಂಡು, ಕವರ್ ಒಡೆದೆ. ಹೊಳೆಯುವ ಪುಟ್ಟ ಕಾರ್ಡು. ಮಾಲೀಕರ ಹೆಸರಿನ ಮುಂದೆ ನನ್ನ ಹೆಸರು. ತಪ್ಪಿಲ್ಲದೆ, ಪೂರ್ತಿ, ದಪ್ಪ ಅಕ್ಷರದಲ್ಲಿ. ನಿಜ ಹೇಳುತ್ತೇನೆ, ಕಣ್ಣು ಒದ್ದೆಯಾಯಿತು. ಇಷ್ಟೊಂದು ಒದ್ದಾಟ ಇದೊಂದು ಸಾಲಿಗಲ್ಲವೇ?

ನಮ್ಮ ಮನೆಯವರು ಹೆಗಲ ಮೇಲಿಂದ ಬಗ್ಗಿ ನೋಡಿದರು. ನೋಡಿದವರ ಮುಖ ಇದ್ದಕ್ಕಿದ್ದಂತೆ ಅರಳಿತು.

“ಏ, ಕೆಳಗೆ ನೋಡೇ, ನಾನೂ ಇದ್ದೀನಿ!”

ಹೌದು, ಇದ್ದರು. ನನ್ನ ಹೆಸರಿನ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಇಂಥವರ ಹೆಂಡತಿ ಅಂತ. ಅವರ ಸ್ಕೂಟರಿನ ಆರ್‌ಸಿ ತರಿಸಿ ನೋಡಿದೆ. ಅದರಲ್ಲಿ ಅವರು ಇಂಥವಳ ಗಂಡ ಅಂತ ಎಲ್ಲೂ ಇಲ್ಲ. ಇಂಥವರ ಮಗ ಅಂತಿದೆ, ಅಲ್ಲೂ ಮಾವನವರೇ. ಬೈಕಿಗೂ ಇವರಿಗೂ ಇರುವ ಸಂಬಂಧ ಏನು ಅಂತ ಯೋಚಿಸಿದೆ. ಒಂದು ಸಲ ಹಿಡಿದು ಅಲ್ಲಾಡಿಸಿದ್ದರು, ಅಷ್ಟೇ.

ಕಾರ್ಡಿನ ಮೇಲೆ ಗಂಡನ ಹೆಸರು, ಚಾಸಿಯ ಮೇಲೆ ಗಂಗಣ್ಣನವರ ಹೆಸರು. ಆಗಲಿ, ಎಲ್ಲರೂ ಇರಲಿ, ನನಗೇನೂ ಬೇಜಾರಿಲ್ಲ.

ಆದರೆ ಇಷ್ಟೊಂದು ಗಂಡಸರಿರುವ ಗಾಡಿಗೆ ಪೆಟ್ರೋಲು ಹಾಕಿಸುವವಳು ಮಾತ್ರ ನಾನೊಬ್ಬಳೇ ಯಾಕೆ, ಯಾರಾದರೂ ಹೇಳುತ್ತೀರಾ?